ಐಪಿ ವಿಳಾಸವೂ ಒಂದು ಲೆಕ್ಕವೇ: ಪೈಥಾನಿನ ಪುಟ್ಟ ಲೈಬ್ರರಿಯೊಂದರ ಪರಿಚಯ

ನಮ್ಮ ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ಪುಸ್ತಕದಲ್ಲಿ ಪೈಥಾನ್ ಒಂದು ಕಡೆ ಇದೆ, ಕಂಪ್ಯೂಟರ್ ನೆಟ್‌ವರ್ಕ್ ಪಾಠ ಇನ್ನೊಂದು ಕಡೆ ಇದೆ. ಎರಡಕ್ಕೂ ಮಾತುಕತೆ ಇಲ್ಲ. ಪೈಥಾನಿನಲ್ಲಿ ಫೈಲ್ ಓದುವುದು, ಸ್ಟ್ಯಾಕ್, ಸಾರ್ಟಿಂಗ್ ಮಾಡುತ್ತೇವೆ. ನೆಟ್‌ವರ್ಕ್ ಪಾಠಕ್ಕೆ ಬಂದಾಗ ಐಪಿ ವಿಳಾಸದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಈ ಎರಡನ್ನೂ ಜೋಡಿಸುವ ಲೈಬ್ರರಿಯೊಂದು ಪೈಥಾನಿನ ಒಳಗೇ ಇದೆ. ಅದರ ಹೆಸರು ಐಪಿಅಡ್ರೆಸ್. ಬೇರೆ ಏನನ್ನೂ ಡೌನ್‌ಲೋಡ್ ಮಾಡಬೇಕಾಗಿಲ್ಲ. ಇಂಪೋರ್ಟ್ ಐಪಿಅಡ್ರೆಸ್ ಎಂದು ಒಂದು ಸಾಲು ಬರೆದರೆ ಸಾಕು. (ಈ ಲೇಖನದಲ್ಲಿ ಎಲ್ಲ ಆದೇಶಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಮಾತ್ರ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.)

ಕಾಮರ್ಸ್‌ನವರು ಇದು ಸೈನ್ಸ್‌ನವರ ವಿಷಯ ಎಂದು ಪುಟ ತಿರುಗಿಸಬೇಡಿ. ನಾನೂ ಕಾಮರ್ಸ್ ಓದುವವಳೇ. ಇದರೊಳಗೆ ಇರುವುದೆಲ್ಲ ಲೆಕ್ಕ, ಅದೂ ನಮ್ಮ ಲೆಡ್ಜರಿಗೆ ಬಹಳ ಹತ್ತಿರದ ಲೆಕ್ಕ.

ಮೊದಲು ಐಪಿ ವಿಳಾಸ ಏನೆಂದು ನೋಡೋಣ. 192.168.1.10 ಎಂದು ಬರೆದದ್ದನ್ನು ಕಂಡರೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆ ಎನ್ನಿಸುತ್ತದೆ. ಕಂಪ್ಯೂಟರಿಗೆ ಅದು ನಾಲ್ಕಲ್ಲ, ಒಂದೇ ಸಂಖ್ಯೆ, 32 ಬಿಟ್‌ನದು. ಅದನ್ನು ಎಂಟೆಂಟು ಬಿಟ್‌ನ ನಾಲ್ಕು ತುಂಡು ಮಾಡಿ, ನಾವು ಓದಿಕೊಳ್ಳಲಿ ಎಂದು ನಡುವೆ ಚುಕ್ಕಿ ಹಾಕಿದ್ದಾರೆ. ಎಂಟು ಬಿಟ್‌ನಲ್ಲಿ 0ಯಿಂದ 255ರವರೆಗೆ ಬರೆಯಬಹುದು. ಆದ್ದರಿಂದಲೇ 192.168.1.300 ಎಂಬ ವಿಳಾಸ ಇರಲು ಸಾಧ್ಯವಿಲ್ಲ.

ನನ್ನ ದಾದಾ ಹಳೆಯ ಕಾಲದ ರೂಪಾಯಿ, ಆಣೆ, ಪೈ ಲೆಕ್ಕ ಹೇಳುತ್ತಿದ್ದರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹದಿನೈದು ಆಣೆಗೆ ಒಂದು ಆಣೆ ಸೇರಿದರೆ ಆಣೆಯ ಮನೆ ಸೊನ್ನೆಯಾಗಿ ರೂಪಾಯಿಯ ಮನೆಗೆ ಒಂದು ದಾಟುತ್ತದೆ. ಐಪಿ ವಿಳಾಸದಲ್ಲೂ ಹಾಗೆಯೇ, ಆದರೆ ಪ್ರತಿ ಮನೆಯಲ್ಲೂ 256 ತುಂಬಿದಾಗ ದಾಟಬೇಕು. ಲೈಬ್ರರಿಯಲ್ಲಿ ಐಪಿ_ಅಡ್ರೆಸ್ ಎಂಬ ಫಂಕ್ಷನ್ ಇದೆ (ಲೈಬ್ರರಿಯ ಹೆಸರಿನಲ್ಲಿ ನಡುವೆ ಗೆರೆ ಇಲ್ಲ, ಫಂಕ್ಷನ್ ಹೆಸರಿನಲ್ಲಿ ಇದೆ, ಗಮನಿಸಿ). ಅದಕ್ಕೆ 192.168.1.255 ಕೊಟ್ಟು ಪಕ್ಕದಲ್ಲಿ + 1 ಎಂದು ಬರೆಯಿರಿ. ಉತ್ತರ 192.168.2.0. ಕೊನೆಯ ಮನೆ ಸೊನ್ನೆಯಾಯಿತು, ಹಿಂದಿನ ಮನೆಗೆ ಒಂದು ದಾಟಿತು.

ಪೂರ್ತಿ ಸಂಖ್ಯೆಯೇ ಬೇಕೆಂದರೆ ಇಂಟ್ ಎಂಬ ನಮಗೆ ಗೊತ್ತಿರುವ ಫಂಕ್ಷನ್‌ನಲ್ಲಿ ಆ ವಿಳಾಸವನ್ನು ಹಾಕಬೇಕು. 192.168.1.10ಕ್ಕೆ 3232235786 ಎಂದು ಬರುತ್ತದೆ. ಕೈಯಲ್ಲಿ ಮಾಡುವುದಾದರೆ 192 ಅನ್ನು 1,67,77,216ರಿಂದ, 168 ಅನ್ನು 65,536ರಿಂದ, 1 ಅನ್ನು 256ರಿಂದ ಗುಣಿಸಿ, ಕೊನೆಗೆ 10 ಕೂಡಿಸಬೇಕು. ಓದಿದರೆ 323 ಕೋಟಿ 22 ಲಕ್ಷ 35 ಸಾವಿರದ 786. ಕೊನೆಯ ಮೂರು ಅಂಕಿ ನೋಡಿ ನನ್ನ ತಂಗಿಗೆ ಬಹಳ ಖುಷಿಯಾಯಿತು. ಅದು ಬರೀ ಗುಣಾಕಾರ ಎಂದರೂ ಅವಳು ಕೇಳಲಿಲ್ಲ, ಮನೆಯ ರೂಟರಿನಲ್ಲಿ ತನ್ನ ಟ್ಯಾಬ್‌ಗೆ ಅದೇ ವಿಳಾಸ ಬೇಕು ಎಂದು ಹಟ ಹಿಡಿದಳು.

ವಿಳಾಸವನ್ನು ಸಂಖ್ಯೆ ಎಂದು ನೋಡದೆ ಬರೀ ಅಕ್ಷರ ಎಂದು ನೋಡಿದರೆ ಏನಾಗುತ್ತದೆ? ಎಕ್ಸೆಲ್ ಹಾಳೆಯಲ್ಲಿ ಲ್ಯಾಬಿನ ಕಂಪ್ಯೂಟರುಗಳ ವಿಳಾಸ ಬರೆದು ಎ ಟು ಝೆಡ್ ಸಾರ್ಟ್ ಒತ್ತಿ ನೋಡಿ. 192.168.1.2ಕ್ಕಿಂತ ಮೊದಲು 192.168.1.10 ಬಂದು ಕೂರುತ್ತದೆ. ಯಾಕೆಂದರೆ ಅಕ್ಷರದ ಲೆಕ್ಕದಲ್ಲಿ 1 ಮೊದಲು, 2 ಆಮೇಲೆ. ಪೈಥಾನಿನ ಸಾರ್ಟೆಡ್ ಕೂಡ ಸ್ಟ್ರಿಂಗ್ ಕೊಟ್ಟರೆ ಹೀಗೇ ಮಾಡುತ್ತದೆ. ಅದೇ ಪಟ್ಟಿಯನ್ನು ಐಪಿ_ಅಡ್ರೆಸ್ ಮೂಲಕ ದಾಟಿಸಿ ಸಾರ್ಟ್ ಮಾಡಿದರೆ 2, 9, 10, 11 ಎಂದು ಸರಿಯಾದ ಸಾಲಿನಲ್ಲಿ ಬರುತ್ತದೆ.

ಸಾಲು ತಪ್ಪಿದರೆ ಕಣ್ಣಿಗಷ್ಟೇ ಕಿರಿಕಿರಿ. ಹುಡುಕುವಾಗ ತಪ್ಪಿದರೆ ಮಾತ್ರ ಅಪಾಯ. 192.168.1 ಎಂದು ಶುರುವಾಗುವ ವಿಳಾಸಗಳೆಲ್ಲ ನಮ್ಮ ಲ್ಯಾಬಿನವು ಎಂದು ಯಾರೋ ಪ್ರೋಗ್ರಾಂ ಬರೆದರು ಎಂದುಕೊಳ್ಳಿ. 192.168.10.5 ಕೂಡ ಹಾಗೇ ಶುರುವಾಗುತ್ತದೆ, 192.168.100.7 ಕೂಡ. ಎರಡೂ ಬೇರೆ ನೆಟ್‌ವರ್ಕಿನವು, ಆದರೂ ಒಳಗೆ ಬಂದುಬಿಟ್ಟವು. ಶರೀಫ್ ಹೆಸರಿನವರಿಗೆ ಮಾತ್ರ ಚೀಟಿ ಕೊಡಿ ಎಂದರೆ ಶರೀಫಾಗೂ ಕೊಟ್ಟ ಹಾಗೆ.

ಲೈಬ್ರರಿಯಲ್ಲಿ ಇದಕ್ಕೆ ಐಪಿ_ನೆಟ್‌ವರ್ಕ್ ಎಂಬ ಇನ್ನೊಂದು ಫಂಕ್ಷನ್ ಇದೆ. ಅದಕ್ಕೆ 192.168.1.0/24 ಎಂದು ಕೊಡಬೇಕು. ಓರೆಗೆರೆಯ ಆಚೆಯ 24 ಹೇಳುವುದು ಇಷ್ಟೇ: ಮೊದಲ 24 ಬಿಟ್ ಓಣಿಯ ಹೆಸರು, ಉಳಿದ 8 ಬಿಟ್ ಮನೆ ನಂಬರು. ಎಂಟು ಬಿಟ್ ಎಂದರೆ 256 ವಿಳಾಸ. ಅದರಲ್ಲಿ ಮೊದಲನೆಯದು ಓಣಿಗೇ ಹೆಸರು, ಕೊನೆಯದು ಇಡೀ ಓಣಿಗೆ ಕೂಗಿ ಹೇಳಲು ಇಟ್ಟದ್ದು. ಅದನ್ನು ಬ್ರಾಡ್‌ಕಾಸ್ಟ್ ಎನ್ನುತ್ತಾರೆ. ಕಂಪ್ಯೂಟರುಗಳಿಗೆ ಉಳಿಯುವುದು 254. ಒಂದು ವಿಳಾಸ ಈ ಓಣಿಯಲ್ಲಿದೆಯೇ ಎಂದು ಕೇಳಲು ಪಟ್ಟಿಗಳಲ್ಲಿ ನಾವು ಬಳಸುವ ಇನ್ ಎಂಬ ಪದವನ್ನೇ ಬಳಸಬಹುದು. 192.168.1.77 ಇನ್ ಈ ನೆಟ್‌ವರ್ಕ್ ಎಂದರೆ ಟ್ರೂ, 192.168.10.5 ಎಂದರೆ ಫಾಲ್ಸ್.

24ರ ಜಾಗದಲ್ಲಿ 26 ಇದ್ದರೆ ಓಣಿ ಚಿಕ್ಕದಾಗುತ್ತದೆ: 64 ವಿಳಾಸ, ಬಳಸಲು 62. ಗೆರೆಯು ಚುಕ್ಕಿಯ ಹತ್ತಿರ ಬೀಳದೆ ಸಂಖ್ಯೆಯ ನಡುವೆ ಬೀಳುತ್ತದೆ. ಆಗ ಚುಕ್ಕಿಗೆ ತುಂಡು ಮಾಡಿ ಹೋಲಿಸುವ ಕೈಪ್ರೋಗ್ರಾಂಗಳೆಲ್ಲ ಕೆಟ್ಟು ನಿಲ್ಲುತ್ತವೆ. ಲೈಬ್ರರಿಗೆ ಎರಡೂ ಒಂದೇ. ಸಬ್‌ನೆಟ್ಸ್ ಎಂದು ಕೇಳಿದರೆ 24ರ ಓಣಿಯನ್ನು 26ರ ನಾಲ್ಕು ಓಣಿಗಳಾಗಿ ಭಾಗ ಮಾಡಿಯೂ ಕೊಡುತ್ತದೆ.

ಈ ಲೈಬ್ರರಿಗೆ ಮೂಗಿನ ಮೇಲೆ ಕೋಪ. 192.168.1.10/24 ಅನ್ನು ಐಪಿ_ನೆಟ್‌ವರ್ಕ್‌ಗೆ ಕೊಟ್ಟರೆ ವ್ಯಾಲ್ಯೂಎರರ್ ಎಂದು ವಾಪಸ್ ಎಸೆಯುತ್ತದೆ. ಓಣಿಯ ಹೆಸರು ಕೇಳಿದ ಕಡೆ ಮನೆ ನಂಬರನ್ನೂ ಸೇರಿಸಿ ಕೊಟ್ಟಿದ್ದೀರಿ ಎಂಬುದು ಅದರ ತಕರಾರು. ಇದರ ಹಿಂದೆ ಒಂದು ಇತಿಹಾಸವೇ ಇದೆ. ಗೂಗಲ್‌ನಲ್ಲಿ ಹುಟ್ಟಿದ ಐಪಿಎಡಿಡಿಆರ್ ಎಂಬ ಹಳೆಯ ಲೈಬ್ರರಿ ಇದರ ತಾಯಿ. 2009ರಲ್ಲಿ ಪೈಥಾನ್ 3.1ರ ಪರೀಕ್ಷಾ ಆವೃತ್ತಿಯಲ್ಲಿ ಅದನ್ನು ಸೇರಿಸಿದ್ದರು. ಒಂದು ವಿಳಾಸ ಮತ್ತು ಒಂದು ನೆಟ್‌ವರ್ಕ್ ಎರಡನ್ನೂ ಅದು ಕಲಸಿಹಾಕುತ್ತದೆ ಎಂದು ಆಕ್ಷೇಪ ಬಂದು, ಬಿಡುಗಡೆಗೆ ಮೊದಲೇ ಹೊರತೆಗೆದರು. ಪೀಟರ್ ಮೂಡಿ ಎಂಬವರು 2012ರಲ್ಲಿ ಹೊಸ ಪ್ರಸ್ತಾವ ಬರೆದರು. ಅದರ ಸಂಖ್ಯೆ 3144. ಅದೇ ವರ್ಷ ಪೈಥಾನ್ 3.3ರ ಜೊತೆಗೆ ಐಪಿಅಡ್ರೆಸ್ ಹೊರಬಂತು. ಅದರಲ್ಲಿ ವಿಳಾಸಕ್ಕೆ ಬೇರೆ, ನೆಟ್‌ವರ್ಕಿಗೆ ಬೇರೆ, ಇಂತಹ ನೆಟ್‌ವರ್ಕಿನಲ್ಲಿ ಕೂತ ಇಂತಹ ವಿಳಾಸ ಎಂಬುದಕ್ಕೆ ಬೇರೆ, ಹೀಗೆ ಮೂರು ಖಾತೆ ಇವೆ. ಮೂರನೆಯದಕ್ಕೆ ಇಂಟರ್ಫೇಸ್ ಎಂದು ಹೆಸರು. ಬಂಡವಾಳದ ಖಾತೆ, ಖರ್ಚಿನ ಖಾತೆ ಬೇರೆ ಬೇರೆ ಇಡಿ ಎಂದು ನಮ್ಮ ಅಕೌಂಟೆನ್ಸಿ ಸರ್ ಪಟ್ಟು ಹಿಡಿಯುವ ಹಾಗೆಯೇ.

ಇನ್ನು ಸೊನ್ನೆಯ ಕಥೆ. 012.0.0.1 ಎಂದು ಯಾರಾದರೂ ಬರೆದರೆ ಅದು ಯಾವ ವಿಳಾಸ? ನಮಗೆ 012 ಎಂದರೆ 12. ಚೆಕ್ಕಿನ ನಂಬರಿನ ಹಿಂದೆ ಎಷ್ಟು ಸೊನ್ನೆ ಇದ್ದರೂ ಬೆಲೆ ಬದಲಾಗುವುದಿಲ್ಲ. ಆದರೆ ಸಿ ಭಾಷೆಯ ಹಳೆಯ ಪದ್ಧತಿಯಲ್ಲಿ ಮುಂದೆ ಸೊನ್ನೆ ಇದ್ದರೆ ಅದು ಎಂಟರ ಲೆಕ್ಕ, ಅಂದರೆ ಆಕ್ಟಲ್. ಆಗ 012 ಎಂದರೆ 10. ಒಬ್ಬನಿಗೆ 12.0.0.1, ಇನ್ನೊಬ್ಬನಿಗೆ 10.0.0.1. ಮೊದಲನೆಯದು ಹೊರಗಿನ ಇಂಟರ್ನೆಟ್ಟಿನ ವಿಳಾಸ, ಎರಡನೆಯದು ಒಳಮನೆಯದು. ಬಾಗಿಲಲ್ಲಿ ನಿಂತ ಪ್ರೋಗ್ರಾಂ ಇದನ್ನು 12 ಎಂದು ಓದಿ ಹೊರಗಿನದು, ಹೋಗಲಿ ಬಿಡಿ ಎಂದು ದಾಟಿಸುತ್ತದೆ. ಒಳಗಿನ ಪ್ರೋಗ್ರಾಂ 10 ಎಂದು ಓದಿ ತಿಜೋರಿಯ ಬಾಗಿಲನ್ನೇ ತೆರೆಯುತ್ತದೆ. ಇದು ಕಲ್ಪನೆಯ ಭಯವಲ್ಲ. ಪೈಥಾನ್ 3.8ರಿಂದ 3.9.4ರವರೆಗೆ ಈ ಲೈಬ್ರರಿ ಮುಂದಿನ ಸೊನ್ನೆಗಳನ್ನು ಸುಮ್ಮನೆ ಒಪ್ಪಿಕೊಳ್ಳುತ್ತಿತ್ತು. 2021ರಲ್ಲಿ ಅದನ್ನು ಭದ್ರತಾ ದೋಷ ಎಂದು ದಾಖಲಿಸಿ, 3.9.5ರಲ್ಲಿ ಸರಿಪಡಿಸಿದರು. ಸರಿಪಡಿಸಿದ ರೀತಿ ನನಗೆ ಇಷ್ಟವಾಯಿತು. ಹತ್ತು ಸರಿಯೋ ಹನ್ನೆರಡು ಸರಿಯೋ ಎಂಬ ತೀರ್ಪನ್ನು ಅವರು ಕೊಡಲೇ ಇಲ್ಲ. ಎರಡು ಅರ್ಥ ಬರುವ ಹಾಗೆ ಬರೆದದ್ದನ್ನು ತೆಗೆದುಕೊಳ್ಳುವುದಿಲ್ಲ, ಸರಿಯಾಗಿ ಬರೆದು ತನ್ನಿ ಎಂದು ಎರರ್ ಕೊಡುವಂತೆ ಮಾಡಿದರು. ತಿದ್ದಿ ಬರೆದ ಅಂಕಿಯ ಚೆಕ್ಕನ್ನು ಬ್ಯಾಂಕಿನವರು ವಾಪಸ್ ಕೊಡುತ್ತಾರಲ್ಲ, ಹಾಗೆ.

ಈಗ ನಾನು ಇದನ್ನೆಲ್ಲ ಕಲಿತ ಕಾರಣ ಹೇಳುತ್ತೇನೆ. ನನ್ನ ಮಾಮುಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಇದೆ. ಆರು ಕಂಪ್ಯೂಟರ್, ಒಂದು ಝೆರಾಕ್ಸ್ ಮೆಷಿನ್. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ಮೂರು ದಿನ ಇರುವಾಗ ಅರ್ಜಿ ಹಾಕುವ ವೆಬ್‌ಸೈಟ್ ಅಂಗಡಿಯ ಯಾವ ಕಂಪ್ಯೂಟರಿನಲ್ಲೂ ತೆರೆಯಲಿಲ್ಲ. ನಿಮ್ಮ ಐಪಿಯಿಂದ ಮಿತಿಮೀರಿ ಕೋರಿಕೆಗಳು ಬಂದಿವೆ, ತಡೆಹಿಡಿಯಲಾಗಿದೆ ಎಂದು ಬರುತ್ತಿತ್ತು. ಮೇಜಿನ ಮೇಲೆ 23 ಮಕ್ಕಳ ದಾಖಲೆಗಳು ಇದ್ದವು. ಇಂಟರ್ನೆಟ್ ಕಂಪನಿಯ ಕಡೆಯಿಂದ ಬಂದ ಹುಡುಗ ರೂಟರನ್ನು ಒಮ್ಮೆ ಆರಿಸಿ ಹಾಕಿ, "ಐಪಿ ನಿಮ್ಮದೇ ಅಂದಮೇಲೆ ಒಳಗಿನವರೇ ಯಾರೋ ಏನೋ ಮಾಡಿದ್ದಾರೆ" ಎಂದು ಹೇಳಿ ಹೋದ.

ಒಳಗಿನವರು ಎಂದರೆ ಯಾರು? 4ನೇ ಕಂಪ್ಯೂಟರಿನಲ್ಲಿ ಸಂಜೆ ಹೊತ್ತು ಕೆಲಸ ಮಾಡುವ ಹುಡುಗ ನಮ್ಮದೇ ವಯಸ್ಸಿನವನು, ಕಂಪ್ಯೂಟರಿನಲ್ಲಿ ಚುರುಕು. ಎಲ್ಲರ ಕಣ್ಣು ಅವನ ಮೇಲೆ ಬಿತ್ತು. ಚುರುಕಾಗಿರುವುದೇ ಅವನಿಗೆ ಮುಳುವಾಯಿತು. ಅವನು ಏನೂ ಮಾತಾಡಲಿಲ್ಲ. ಮರುದಿನ ಕೆಲಸಕ್ಕೂ ಬರಲಿಲ್ಲ. ಮಾಮು ನನ್ನನ್ನು ಕರೆದು, "ಬೇಟಾ, ನೀನು ಕಾಲೇಜಿನಲ್ಲಿ ಪೈಥಾನ್ ಓದುತ್ತೀಯಲ್ಲ, ಈ ರೂಟರಿನ ಫೈಲಿನಲ್ಲಿ ಏನಿದೆ ನೋಡು" ಎಂದರು.

ಫೈಲಿನಲ್ಲಿ ಎರಡು ದಿನದ ಸಾಲುಗಳಿದ್ದವು. ಪ್ರತಿ ಸಾಲಿನಲ್ಲಿ ಸಮಯ, ಕೋರಿಕೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು. ನಾನು ಮಾಡಿದ್ದು ನಮ್ಮ ಪಠ್ಯಪುಸ್ತಕ ದಾಟಿದ ಕೆಲಸವೇನಲ್ಲ. ಫೈಲನ್ನು ಸಾಲು ಸಾಲಾಗಿ ಓದಿ, ಸ್ಪ್ಲಿಟ್ ಮಾಡಿ, ವಿಳಾಸದ ತುಂಡನ್ನು ಐಪಿ_ಅಡ್ರೆಸ್‌ಗೆ ಕೊಟ್ಟೆ. ಮುರಿದ ಸಾಲುಗಳು ವ್ಯಾಲ್ಯೂಎರರ್ ಕೊಟ್ಟಾಗ ಟ್ರೈ ಮತ್ತು ಎಕ್ಸೆಪ್ಟ್ ಅವನ್ನು ಹಿಡಿದು ಬೇರೆ ಪಟ್ಟಿಗೆ ಹಾಕಿದವು. ಆ ಪಾಠ ಯಾಕಿದೆ ಎಂದು ನನಗೆ ಅಂದೇ ಗೊತ್ತಾದದ್ದು. ಆಮೇಲೆ ಒಂದು ಡಿಕ್ಷನರಿಯಲ್ಲಿ, ಅರ್ಜಿಯ ವೆಬ್‌ಸೈಟಿಗೆ ಯಾವ ಒಳವಿಳಾಸದಿಂದ ಎಷ್ಟು ಸಾಲು ಎಂದು ಎಣಿಸಿದೆ. ಲೆಡ್ಜರ್ ಪೋಸ್ಟಿಂಗ್ ಎಂದರೂ ಸರಿಯೇ.

ಅಂಗಡಿಯ ಕಂಪ್ಯೂಟರುಗಳಿಗೆ ಮೊದಲೇ ಸ್ಥಿರ ವಿಳಾಸ ಕೊಟ್ಟಿದ್ದರು, 4ನೆಯದು 192.168.1.14. ಅದರ ಲೆಕ್ಕ ಬೇರೆಯವಕ್ಕಿಂತ ಹೆಚ್ಚಿರಲಿಲ್ಲ, ಮಾಮು ತಾವೇ ಕೂರುವ 2ನೇ ಕಂಪ್ಯೂಟರಿನದಕ್ಕಿಂತ ಕಡಿಮೆಯೇ ಇತ್ತು. ಗಿರಾಕಿಗಳ ಫೋನುಗಳದ್ದೂ ಅಷ್ಟಕ್ಕಷ್ಟೆ. ಹಾಗಾದರೆ ಮಿತಿಮೀರಿದ ಕೋರಿಕೆಗಳು ಎಲ್ಲಿಂದ ಬಂದವು?

ಉತ್ತರದ ದಾರಿ ರೂಟರಿನ ಇನ್ನೊಂದು ಪುಟದಲ್ಲಿತ್ತು. ಕಂಪನಿಯವರು ಅಂಗಡಿಯ ರೂಟರಿಗೆ ಕೊಟ್ಟ ವಿಳಾಸ 100.72 ಎಂದು ಶುರುವಾಗುತ್ತಿತ್ತು. ಲೈಬ್ರರಿಯಲ್ಲಿ ಪ್ರತಿ ವಿಳಾಸಕ್ಕೂ ಈಸ್_ಪ್ರೈವೇಟ್, ಈಸ್_ಗ್ಲೋಬಲ್ ಎಂಬ ಎರಡು ಪ್ರಶ್ನೆ ಕೇಳಬಹುದು. ಅಂಗಡಿಯ 192.168.1.14ಕ್ಕೆ ಮೊದಲನೆಯದು ಟ್ರೂ, ಎರಡನೆಯದು ಫಾಲ್ಸ್. ಹೊರಗಿನ ಯಾವುದೋ ವೆಬ್‌ಸೈಟಿನ ವಿಳಾಸಕ್ಕೆ ಇದು ತಿರುವುಮುರುವು. ಒಂದು ಪ್ರೈವೇಟ್ ಅಲ್ಲದಿದ್ದರೆ ಗ್ಲೋಬಲ್ ಇರಲೇಬೇಕು ಎಂದುಕೊಂಡು ರೂಟರಿನ ವಿಳಾಸ ಕೊಟ್ಟೆ. ಎರಡೂ ಫಾಲ್ಸ್. ಡೆಬಿಟ್ಟೂ ಅಲ್ಲ, ಕ್ರೆಡಿಟ್ಟೂ ಅಲ್ಲ ಎಂದರೆ ಇದೇನು?

ಲೈಬ್ರರಿಯ ಕೈಪಿಡಿಯಲ್ಲಿ ಈ ವಿಷಯವನ್ನೇ ಬರೆದಿದ್ದಾರೆ. ಆ ಎರಡು ಪ್ರಶ್ನೆಗಳಿಗೆ ಯಾವಾಗಲೂ ವಿರುದ್ಧ ಉತ್ತರ ಬರುತ್ತದೆ, 100.64.0.0/10 ಎಂಬ ಒಂದು ವಲಯವನ್ನು ಬಿಟ್ಟು. ಇದು 100.64.0.0ಯಿಂದ 100.127.255.255ರವರೆಗಿನ 41,94,304 ವಿಳಾಸಗಳ ಗುಂಪು. ಇದು ಹುಟ್ಟಿದ್ದು ಕೊರತೆಯಿಂದ. 32 ಬಿಟ್‌ನಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸ ಮಾತ್ರ ಇವೆ. 1981ರಲ್ಲಿ ಈ ನಿಯಮ ಬರೆದಾಗ ಅದು ಬೇಕಾದಷ್ಟಾಯಿತು. 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಸಂಗ್ರಹದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಗುಂಪುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಮುಗಿಸಿದರು. ಆಮೇಲೆ ಇಂಟರ್ನೆಟ್ ಕಂಪನಿಗಳು ಒಂದೇ ಹೊರವಿಳಾಸವನ್ನು ಅನೇಕ ಗಿರಾಕಿಗಳಿಗೆ ಹಂಚುವುದು ಹೆಚ್ಚಾಯಿತು. ಕಂಪನಿ ಮತ್ತು ಗಿರಾಕಿಯ ರೂಟರಿನ ನಡುವೆ ಬಳಸಲೆಂದೇ 2012ರ ಏಪ್ರಿಲಿನಲ್ಲಿ ಈ 100.64ರ ವಲಯವನ್ನು ಎತ್ತಿಟ್ಟರು. ಅದು ನಮ್ಮ ಮನೆಯೊಳಗಿನದೂ ಅಲ್ಲ, ಇಡೀ ಜಗತ್ತಿಗೆ ಕಾಣುವುದೂ ಅಲ್ಲ. ಓಣಿಯಲ್ಲಿ ಎಷ್ಟೋ ಮನೆ ಇವೆ, ಹೊರಗಿನ ದೊಡ್ಡ ಗೇಟು ಒಂದೇ, ಗೇಟಿನ ಮೇಲೆ ನಂಬರು ಒಂದೇ ಎಂಬಂತೆ.

ಅರ್ಜಿಯ ವೆಬ್‌ಸೈಟಿಗೆ ಕಾಣುತ್ತಿದ್ದುದು ಆ ಗೇಟಿನ ನಂಬರು. ಆ ಗೇಟಿನ ಹಿಂದೆ ಮಾಮುವಿನ ಅಂಗಡಿ ಇತ್ತು, ಜೊತೆಗೆ ಅದೇ ಕಂಪನಿಯ ಬೇರೆ ಗಿರಾಕಿಗಳೂ ಇದ್ದರು. ಕೊನೆಯ ಮೂರು ದಿನ ಎಲ್ಲ ಸೈಬರ್ ಸೆಂಟರಿನವರೂ ಅದೇ ವೆಬ್‌ಸೈಟನ್ನು ಬಡಿಯುತ್ತಿರುತ್ತಾರೆ. ಎಲ್ಲರ ಕೋರಿಕೆಯೂ ಒಂದೇ ನಂಬರಿನ ಖಾತೆಗೆ ಬಿದ್ದರೆ ಮಿತಿ ಮೀರಲು ಕಳ್ಳನೇ ಬೇಕಾಗಿಲ್ಲ. ಹೊರಗೆ ನಿಜವಾಗಿ ಯಾರು ಎಷ್ಟು ಕೋರಿಕೆ ಕಳಿಸಿದರು ಎಂದು ನನ್ನ ಲೆಕ್ಕ ಹೇಳುವುದಿಲ್ಲ. ಅದಕ್ಕೆ ಸರಿಯಾದ ಸಮಯ, ಪೋರ್ಟ್ ನಂಬರು, ಕಂಪನಿಯ ಬಳಿ ಇರುವ ದಾಖಲೆ ಮೂರೂ ಬೇಕು. ನಮ್ಮ ಅಂಗಡಿಯ 4ನೇ ಕಂಪ್ಯೂಟರು ಅದನ್ನು ಮಾಡಿಲ್ಲ ಎಂಬುದನ್ನು ಮಾತ್ರ ಅದು ಹೇಳಿತು. ನಮಗೆ ಬೇಕಾಗಿದ್ದುದೂ ಅಷ್ಟೇ.

ಮಾಮು ಪಟ್ಟಿಯ ಪ್ರಿಂಟ್ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದರು. ಆಮೇಲೆ ಸ್ಕೂಟರ್ ತೆಗೆದುಕೊಂಡು ಆ ಹುಡುಗನ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ. ಸಂಜೆ ಇಬ್ಬರೂ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಅರ್ಜಿ ತುಂಬುತ್ತಿದ್ದರು. ಫೋನಿನ ಕಂಪನಿ ಬೇರೆ, ಅದರ ಗೇಟು ಬೇರೆ. 23 ಅರ್ಜಿಗಳೂ ಕೊನೆಯ ದಿನಕ್ಕೆ ಮೊದಲೇ ಹೋದವು.

ಐಪಿ ಸಿಕ್ಕಿದರೆ ಆಳು ಸಿಕ್ಕಿದ ಎಂದು ಸಿನಿಮಾದಲ್ಲಿ ತೋರಿಸುತ್ತಾರೆ. ಕೀಬೋರ್ಡ್ ಕುಟ್ಟಿದ ಕೂಡಲೇ ಪರದೆಯ ಮೇಲೆ ಮನೆಯ ನಕ್ಷೆಯೇ ಬಂದುಬಿಡುತ್ತದೆ. ಸ್ಥಿರ ವಿಳಾಸ ಕೊಡದ ಕಡೆ ಒಳಮನೆಯಲ್ಲೂ ಅದು ನಿಜವಲ್ಲ. ಇವತ್ತು ನನ್ನ ಫೋನಿಗೆ ಸಿಕ್ಕ 192.168.1.31 ನಾಳೆ ಇನ್ನೊಬ್ಬ ಗಿರಾಕಿಯ ಫೋನಿಗೆ ಸಿಗಬಹುದು. ರೂಟರು ಬಾಡಿಗೆ ಸೈಕಲ್ ಕೊಟ್ಟ ಹಾಗೆ ಕೊಡುತ್ತದೆ. ಅಂತಹ ಸಂಖ್ಯೆಯ ಮೇಲೆ ಒಬ್ಬರ ಹೆಸರು ಬರೆಯುವ ಮೊದಲು ಅದು ಎಲ್ಲಿಯ ಸಂಖ್ಯೆ, ಎಷ್ಟು ಜನ ಅದನ್ನು ಹಂಚಿಕೊಂಡಿದ್ದಾರೆ ಎಂದು ಕೇಳಬೇಕು. ಆ ಪ್ರಶ್ನೆಯ ಮೊದಲ ಅರ್ಧಕ್ಕೆ ಈ ಲೈಬ್ರರಿ ಎರಡು ಸಾಲಿನಲ್ಲಿ ಉತ್ತರ ಕೊಡುತ್ತದೆ.

ಹೊಸ ಐಪಿವಿ6 ವಿಳಾಸಗಳನ್ನೂ ಇದು ಬಲ್ಲದು. ಅವು 128 ಬಿಟ್‌ನವು, ಒಟ್ಟು ಎಷ್ಟೆಂದು ಬರೆದರೆ 39 ಅಂಕಿ ಬರುತ್ತದೆ. ಅವುಗಳಲ್ಲಿ ಒಂದೇ ವಿಳಾಸವನ್ನು ಹಲವು ರೀತಿ ಬರೆಯಬಹುದು: ::1 ಎಂದರೂ 0:0:0:0:0:0:0:1 ಎಂದರೂ ಒಂದೇ. ಅಕ್ಷರವೆಂದು ಹೋಲಿಸಿದರೆ ಬೇರೆ, ಐಪಿ_ಅಡ್ರೆಸ್ ಮೂಲಕ ಹೋಲಿಸಿದರೆ ಸಮ. ಹಳೆಯದನ್ನೂ ಹೊಸದನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ಸಾರ್ಟ್ ಮಾಡಲು ಹೋದರೆ ಮಾತ್ರ ಟೈಪ್‌ಎರರ್ ಕೊಡುತ್ತದೆ. ರೂಪಾಯಿಯನ್ನೂ ಕಿಲೋವನ್ನೂ ಕೂಡಿಸಬೇಡಿ ಎಂಬ ಅರ್ಥದಲ್ಲಿ.

ಲ್ಯಾಬಿಗೆ ಹೋದಾಗ ಪೈಥಾನಿನ ಆವೃತ್ತಿ 3.9.5ಕ್ಕಿಂತ ಹಳೆಯದಿದೆಯೇ ಎಂದು ಮೊದಲು ನೋಡಿ. ಐಡಲ್ ತೆರೆದರೆ ಮೊದಲ ಸಾಲಿನಲ್ಲೇ ಇರುತ್ತದೆ. ಹಳೆಯದಿದ್ದರೆ ಮೇಡಂಗೆ ಹೇಳಿ. ಆಮೇಲೆ ಒಂದು ಲೆಕ್ಕ ಮಾಡಿ. 1996ರ ನಿಯಮದ ಪ್ರಕಾರ ಒಳಮನೆಗೆಂದು ಬಿಟ್ಟ ಮೂರು ವಲಯಗಳಲ್ಲಿ ಒಂದು 172.16.0.0/12. (ಉಳಿದೆರಡು 10.0.0.0/8 ಮತ್ತು 192.168.0.0/16.) ಅದರಲ್ಲಿ ಎಷ್ಟು ವಿಳಾಸಗಳಿವೆ, ಕೊನೆಯದು ಯಾವುದು, 172.32.0.1 ಒಳಗಿನದೋ ಹೊರಗಿನದೋ? ಮೊದಲು ಪೆನ್ನಿನಲ್ಲಿ ಮಾಡಿ, ಆಮೇಲೆ ಲೈಬ್ರರಿಯನ್ನು ಕೇಳಿ. ಪೆನ್ನಿನಲ್ಲಿ ಮಾಡುವವರಿಗೆ ಒಂದು ಸುಳಿವು: 32ರಲ್ಲಿ 12 ಕಳೆದರೆ 20.